‘ಸಮ್ಮೇಳನದಲ್ಲಿ ವಿಜ್ಞಾನಿಗಳು ಘೋಷಿಸಿದ್ದಾರೆ’ ಎಂಬ ಫಾರ್ವರ್ಡ್ ಬಂದರೆ: ಖಗೋಳ ವಿಜ್ಞಾನಿಗಳ ಸಭೆಯಲ್ಲಿ ನಿಜಕ್ಕೂ ನಡೆಯುವುದೇನು?

“ಅಂತಾರಾಷ್ಟ್ರೀಯ ಖಗೋಳ ಸಮ್ಮೇಳನದಲ್ಲಿ ವಿಜ್ಞಾನಿಗಳ ಎಚ್ಚರಿಕೆ! ಜಗತ್ತೆಲ್ಲ ಆರು ನಿಮಿಷ ಕತ್ತಲು! ತಪ್ಪದೆ ಎಲ್ಲರಿಗೂ ಕಳುಹಿಸಿ.”

ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಬಳ್ಳಾರಿಯ ಪಾರ್ವತಿನಗರದ ಬಡಾವಣೆ ಗ್ರೂಪಿನಲ್ಲಿ ಬೆಳಿಗ್ಗೆ ಕಾಣಿಸಿಕೊಂಡರೆ ಮಧ್ಯಾಹ್ನಕ್ಕೆ ಕುರುಗೋಡಿನ ಸಂಬಂಧಿಕರ ಗ್ರೂಪಿಗೆ, ಸಂಜೆಗೆ ಸಿರುಗುಪ್ಪದ ರೈತರ ಗ್ರೂಪಿಗೆ ತಲುಪಿರುತ್ತದೆ. ಬರೆದವರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಆದರೆ ‘ವಿಜ್ಞಾನಿಗಳು’, ‘ಸಮ್ಮೇಳನ’, ‘ನಾಸಾ’ ಎಂಬ ಮೂರು ಪದಗಳಿದ್ದರೆ ಸಾಕು, ಓದಿದವರು ನಂಬಿಬಿಡುತ್ತಾರೆ.

ಅಸಲಿಗೆ ಖಗೋಳ ವಿಜ್ಞಾನಿಗಳ ಸಮ್ಮೇಳನ ಎಂದರೇನು? ಅಲ್ಲಿ ಯಾರು ಸೇರುತ್ತಾರೆ, ಏನು ಮಾತಾಡುತ್ತಾರೆ, ಅಲ್ಲಿ ಆಡಿದ ಮಾತಿಗೆ ಎಷ್ಟು ತೂಕ? ಇದು ತಿಳಿದರೆ ಇಂಥ ಫಾರ್ವರ್ಡ್‌ಗಳಲ್ಲಿ ಬಹುಪಾಲನ್ನು ನಾವೇ ಸೋಸಬಹುದು. ಚುಟುಕಾಗಿ ಹೇಳುವುದಾದರೆ, ಸಮ್ಮೇಳನ ತೀರ್ಪು ಕೊಡುವ ಕೋರ್ಟಲ್ಲ. ತಾವು ಕಂಡದ್ದನ್ನು ಅದೇ ಕೆಲಸ ಬಲ್ಲ ನೂರಾರು ಜನರ ಮುಂದಿಟ್ಟು “ಎಲ್ಲಿ ತಪ್ಪಿದೆ, ಹೇಳಿ” ಎಂದು ಕೇಳುವ ಜಾಗ ಅದು.

ಭಾರತದಲ್ಲಿ ಇಂಥ ಸಮ್ಮೇಳನ ನಡೆಸುವವರು ಯಾರು?

ನಮ್ಮ ದೇಶದ ವೃತ್ತಿನಿರತ ಖಗೋಳ ವಿಜ್ಞಾನಿಗಳ ಸಂಘದ ಹೆಸರು ಆಸ್ಟ್ರನಾಮಿಕಲ್ ಸೊಸೈಟಿ ಆಫ್ ಇಂಡಿಯಾ, ಅಂದರೆ ಭಾರತೀಯ ಖಗೋಳ ಸಂಘ. ಚಿಕ್ಕದಾಗಿ ‘ಎಎಸ್‌ಐ’ ಎನ್ನುತ್ತಾರೆ. ಪುರಾತತ್ವ ಇಲಾಖೆಯನ್ನೂ ಎಎಸ್‌ಐ ಎಂದೇ ಕರೆಯುವುದರಿಂದ ಹಂಪಿಯ ಪಕ್ಕದಲ್ಲಿರುವ ನಮಗೆ ಗೊಂದಲವಾಗಬಹುದು. ಎರಡೂ ಬೇರೆ ಬೇರೆ.

ಖಗೋಳ ಸಂಘ ಹುಟ್ಟಿದ್ದು 1972ರಲ್ಲಿ, ಹೈದರಾಬಾದಿನಲ್ಲಿ. ಇದರ ಹಿಂದಿದ್ದ ಮುಖ್ಯ ವ್ಯಕ್ತಿ ವೈನು ಬಾಪು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರೂ ಅವರೇ. 1979ರಿಂದ 1982ರವರೆಗೆ ಅವರು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದರು. ತಮಿಳುನಾಡಿನ ಕಾವಲೂರಿನಲ್ಲಿರುವ 2.34 ಮೀಟರ್ ದೂರದರ್ಶಕಕ್ಕೆ ಅವರದೇ ಹೆಸರಿದೆ.

ಈ ಸಂಘ ಪ್ರತಿವರ್ಷ ಒಂದೊಂದು ಊರಿನಲ್ಲಿ ಸಭೆ ಸೇರುತ್ತದೆ. 2019ರಲ್ಲಿ ಬೆಂಗಳೂರಿನಲ್ಲಿ ಸೇರಿತ್ತು, 2023ರಲ್ಲಿ ಇಂದೋರಿನಲ್ಲಿ. 2024ರಲ್ಲಿ ಮತ್ತೆ ಬೆಂಗಳೂರಿಗೆ ಬಂತು. ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ ಮತ್ತು ಜವಾಹರಲಾಲ್ ನೆಹರೂ ತಾರಾಲಯ ಸೇರಿ ಜನವರಿ 31ರಿಂದ ಫೆಬ್ರವರಿ 4ರವರೆಗೆ ಅದನ್ನು ನಡೆಸಿಕೊಟ್ಟವು.

ಆ ಹೊತ್ತು ಕೂಡ ವಿಶೇಷವಾಗಿತ್ತು. ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹ ಹಾರಿತ್ತು. ಅದರ ಮುಖ್ಯ ಉಪಕರಣವನ್ನು ತಯಾರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಜನವರಿ 6ರಂದು ಆದಿತ್ಯ-ಎಲ್1 ನೌಕೆ ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ತನ್ನ ನೆಲೆ ತಲುಪಿತ್ತು. ಅದರಲ್ಲಿ ಸೂರ್ಯನ ಹೊರವಲಯವನ್ನು ನೋಡುವ ಉಪಕರಣ ಭಾರತೀಯ ಖಭೌತ ಸಂಸ್ಥೆಯದು. ಎರಡೂ ಉಪಕರಣಗಳು ಕರ್ನಾಟಕದಲ್ಲೇ ಸಿದ್ಧವಾದವು. ಈ ಎರಡೂ ಘಟನೆಗಳಾದ ಕೆಲವೇ ವಾರಗಳಲ್ಲಿ ದೇಶದ ಖಗೋಳ ವಿಜ್ಞಾನಿಗಳು ಅದೇ ಬೆಂಗಳೂರಿನಲ್ಲಿ ಸೇರಿದ್ದರು.

ಅಲ್ಲಿ ದಿನ ಹೇಗೆ ಸಾಗುತ್ತದೆ?

ಮೊದಲ ದಿನ ಸಾಮಾನ್ಯವಾಗಿ ತರಬೇತಿ ಕಾರ್ಯಾಗಾರಗಳಿರುತ್ತವೆ. ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಎಲ್ಲರೂ ಒಂದೇ ಸಭಾಂಗಣದಲ್ಲಿ ಕೂತು ದೊಡ್ಡ ಭಾಷಣ ಕೇಳುತ್ತಾರೆ. ನಂತರ ಸೂರ್ಯ ಮತ್ತು ಸೌರವ್ಯೂಹ, ನಕ್ಷತ್ರಗಳು, ಗ್ಯಾಲಕ್ಸಿಗಳು, ಕಪ್ಪುಕುಳಿಯಂಥ ಅಧಿಕ ಶಕ್ತಿಯ ವಿದ್ಯಮಾನಗಳು, ಉಪಕರಣಗಳು ಹೀಗೆ ವಿಷಯವಾರು ಕೊಠಡಿಗಳಿಗೆ ಹಂಚಿಹೋಗುತ್ತಾರೆ. ಒಬ್ಬೊಬ್ಬರಿಗೂ ಸಿಗುವುದು ಕೆಲವೇ ನಿಮಿಷ. ಮಾತು ಮುಗಿದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ.

ಹೊರಗೆ ಸಾಲಾಗಿ ಪೋಸ್ಟರ್‌ಗಳನ್ನು ಅಂಟಿಸಿರುತ್ತಾರೆ. ಹೆಚ್ಚಾಗಿ ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆದು ಅದರ ಪಕ್ಕ ನಿಂತಿರುತ್ತಾರೆ. ಹಿರಿಯ ಪ್ರಾಧ್ಯಾಪಕರೂ ಚಹಾ ಲೋಟ ಹಿಡಿದು ಬಂದು “ಈ ಗೆರೆ ಇಲ್ಲಿ ಯಾಕೆ ಬಾಗಿದೆ?” ಎಂದು ಕೇಳಬಹುದು. ಉತ್ತರ ಕೊಡಲು ಬಾರದಿದ್ದರೆ ವಿದ್ಯಾರ್ಥಿ ಊರಿಗೆ ಮರಳಿ ಮತ್ತೆ ಲೆಕ್ಕ ಹಾಕಬೇಕು. ಸಮ್ಮೇಳನ ಇರುವುದೇ ಇದಕ್ಕೆ.

‘ಸಮುದಾಯ ಗೋಷ್ಠಿ’ ಎಂದರೇನು?

ಸಂಶೋಧನಾ ಭಾಷಣಗಳ ಜೊತೆಗೆ ಇಂಥ ಸಮ್ಮೇಳನಗಳಲ್ಲಿ ಇನ್ನೊಂದು ಬಗೆಯ ಗೋಷ್ಠಿ ಇರುತ್ತದೆ. ಯಾವುದೋ ನಕ್ಷತ್ರದ ಬಗ್ಗೆ ಅಲ್ಲ, ತಮ್ಮದೇ ಸಮುದಾಯದ ಬಗ್ಗೆ ಮಾತಾಡುವ ಗೋಷ್ಠಿ. ಮುಂದಿನ ದೂರದರ್ಶಕ ಎಲ್ಲಿ, ಎಷ್ಟು ದೊಡ್ಡದು? ಇರುವ ದೂರದರ್ಶಕದ ಸಮಯವನ್ನು ಹಂಚುವುದು ಹೇಗೆ? ಉಪಗ್ರಹ ಕಳಿಸಿದ ಮಾಹಿತಿ ಎಲ್ಲರಿಗೂ ಯಾವಾಗ ಸಿಗಬೇಕು? ಹೆಣ್ಣುಮಕ್ಕಳು ಈ ಕ್ಷೇತ್ರದಲ್ಲಿ ಉಳಿಯಲು ಏನು ಬದಲಾಗಬೇಕು? ಇಂಥವು ಅಲ್ಲಿನ ಪ್ರಶ್ನೆಗಳು. ಭಾರತೀಯ ಖಗೋಳ ಸಂಘದಲ್ಲಿ ಲಿಂಗ ಸಮಾನತೆಗೆಂದೇ ಒಂದು ಕಾರ್ಯಪಡೆ ಇದೆ, ಜನಸಂಪರ್ಕ ಮತ್ತು ಶಿಕ್ಷಣಕ್ಕೆಂದು ಒಂದು ಸಮಿತಿ ಇದೆ.

ಇದು ವಿಜ್ಞಾನಿಗಳ ಒಳಮನೆ ವ್ಯವಹಾರ, ನಮಗೇನು ಎನ್ನುವಂತಿಲ್ಲ. ದೂರದರ್ಶಕಗಳಿಗೆ ಹಾಕುವುದು ಜನರ ತೆರಿಗೆ ಹಣ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿರುವ ಲೈಗೊ-ಇಂಡಿಯಾ ಯೋಜನೆಗೆ 2023ರಲ್ಲಿ ಒಪ್ಪಿಗೆಯಾದ ಮೊತ್ತ ಸುಮಾರು 2,600 ಕೋಟಿ ರೂಪಾಯಿ. ‘ಎಸ್‌ಕೆಎ’ ಎಂಬ ಅಂತಾರಾಷ್ಟ್ರೀಯ ರೇಡಿಯೊ ದೂರದರ್ಶಕದಲ್ಲಿ ಭಾರತದ ಪಾಲಿಗೆ ತೆಗೆದಿಟ್ಟದ್ದು 1,250 ಕೋಟಿ. ಇಷ್ಟು ಹಣ ಯಾವುದಕ್ಕೆ ಹೋಗಬೇಕೆಂದು ಒಬ್ಬಿಬ್ಬರು ಕೋಣೆಯೊಳಗೆ ಕೂತು ಹೇಳಿಬಿಟ್ಟರೆ ಆಗದು. ಅದಕ್ಕಾಗಿಯೇ 2035ರವರೆಗಿನ ದೊಡ್ಡ ಯೋಜನೆಗಳ ಮುನ್ನೋಟವೊಂದನ್ನು ದೇಶದ ಖಗೋಳ ವಿಜ್ಞಾನಿಗಳ ಅಭಿಪ್ರಾಯ ಕೇಳಿ ಸಿದ್ಧಪಡಿಸಲಾಯಿತು. ಆ ಕೆಲಸದ ಹೊಣೆ ಹೊತ್ತದ್ದು ಬೆಂಗಳೂರಿನ ಖಭೌತ ಸಂಸ್ಥೆ.

ದೂರದರ್ಶಕದ ಸಮಯ ಹಂಚಿಕೆಯದೂ ಹೀಗೇ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಅಗಲದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವವರು ಕೂರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಸಂಪರ್ಕ ಉಪಗ್ರಹದ ಮೂಲಕ. ಅದರಲ್ಲಿ ಒಂದು ರಾತ್ರಿ ಬೇಕೆಂದರೆ ಯಾಕೆ ಬೇಕು, ಏನು ನೋಡುತ್ತೀರಿ ಎಂದು ಬರೆದು ಅರ್ಜಿ ಹಾಕಬೇಕು. ಪುಣೆ ಬಳಿಯ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕಕ್ಕೆ 45 ಮೀಟರ್ ಅಗಲದ 30 ಡಿಶ್‌ಗಳಿವೆ. ಅದಕ್ಕೆ ವರ್ಷಕ್ಕೆ ಎರಡು ಬಾರಿ ಅರ್ಜಿ ಕರೆಯುತ್ತಾರೆ, ಜಗತ್ತಿನ ಯಾವ ದೇಶದವರಾದರೂ ಹಾಕಬಹುದು. ಅದೇ ಕ್ಷೇತ್ರದ ಬೇರೆ ವಿಜ್ಞಾನಿಗಳು ಓದಿ ಯೋಗ್ಯತೆ ನೋಡಿ ಸಮಯ ಕೊಡುತ್ತಾರೆ.

ಗೋಷ್ಠಿಯ ಮಾತಿನಿಂದ ಆಕಾಶದಲ್ಲಿ ದೂರದರ್ಶಕ ಬಂದದ್ದು ಹೇಗೆ?

ಸಮುದಾಯ ಗೋಷ್ಠಿಗಳ ಪದ್ಧತಿ ಅಮೆರಿಕದಲ್ಲಿ ಬಹಳ ಬಲವಾಗಿದೆ. 1899ರಲ್ಲಿ ಸ್ಥಾಪನೆಯಾದ ಅಮೆರಿಕದ ಖಗೋಳ ಸಂಘ ವರ್ಷಕ್ಕೆ ಎರಡು ಸಲ ಸಮ್ಮೇಳನ ನಡೆಸುತ್ತದೆ. ಅಲ್ಲಿ ನಾಸಾದ ಅಧಿಕಾರಿಗಳೇ ವೇದಿಕೆಗೆ ಬಂದು ತಮ್ಮ ಖಭೌತ ಯೋಜನೆಗಳ ಸ್ಥಿತಿಗತಿ ಹೇಳುತ್ತಾರೆ, ಸಭಿಕರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ನಮ್ಮ ಗ್ರಾಮಸಭೆಯನ್ನು ನೆನೆಸಿಕೊಳ್ಳಿ. ಮೊದಲು ಯಾವ ಕಾಲುವೆ ರಿಪೇರಿ ಆಗಬೇಕು, ಯಾವ ಓಣಿಗೆ ರಸ್ತೆ ಬೇಕು ಎಂದು ಊರವರು ಎದ್ದು ನಿಂತು ಕೇಳುವ ಹಾಗೆಯೇ ಇದು.

ಇದಲ್ಲದೆ ಹತ್ತು ವರ್ಷಕ್ಕೊಮ್ಮೆ ಅಲ್ಲಿನ ಖಗೋಳ ವಿಜ್ಞಾನಿಗಳು ಸೇರಿ ಮುಂದಿನ ದಶಕದಲ್ಲಿ ಏನು ಮೊದಲು, ಏನು ಆಮೇಲೆ ಎಂಬ ಪಟ್ಟಿ ಮಾಡುತ್ತಾರೆ. 1960ರ ದಶಕದಿಂದ ಇದು ನಡೆದುಬಂದಿದೆ. 2001ರ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಬಾಹ್ಯಾಕಾಶ ಯೋಜನೆಯೇ ಇಂದು ನಾವು ಜೇಮ್ಸ್ ವೆಬ್ ಎಂದು ಕರೆಯುವ ದೂರದರ್ಶಕ. ಅದು ಹಾರಿದ್ದು 2021ರ ಡಿಸೆಂಬರ್ 25ರಂದು, ಪಟ್ಟಿಗೆ ಸೇರಿದ ಸುಮಾರು 20 ವರ್ಷಗಳ ನಂತರ. 2021ರ ಕೊನೆಯಲ್ಲಿ ಪ್ರಕಟವಾದ ಹೊಸ ಪಟ್ಟಿ, ಬೇರೆ ನಕ್ಷತ್ರಗಳ ಸುತ್ತ ಜೀವಿಗಳು ಬಾಳಬಲ್ಲ ಗ್ರಹಗಳನ್ನು ನೋಡುವ ದೊಡ್ಡ ದೂರದರ್ಶಕವೊಂದು ಬೇಕೆಂದು ಹೇಳಿದೆ.

ಅಂದರೆ ಖಗೋಳ ವಿಜ್ಞಾನದ ದೊಡ್ಡ ಕೆಲಸ ಯಾವುದೂ ರಾತ್ರೋರಾತ್ರಿ ಆಗುವುದಿಲ್ಲ, ಗುಟ್ಟಾಗಿಯೂ ಆಗುವುದಿಲ್ಲ. “ನಾಸಾ ಮುಚ್ಚಿಟ್ಟ ಸತ್ಯ” ಎಂಬ ಫಾರ್ವರ್ಡ್ ಬಂದಾಗ ಇದನ್ನು ನೆನಪಿಸಿಕೊಳ್ಳಿ. ಸಾವಿರಾರು ಜನ, ಹತ್ತಾರು ದೇಶ, ಇಪ್ಪತ್ತು ವರ್ಷದ ವಾದವಿವಾದ ಇರುವಲ್ಲಿ ಗುಟ್ಟು ನಿಲ್ಲುವುದು ಕಷ್ಟ.

ಸಮ್ಮೇಳನದಲ್ಲಿ ಹೇಳಿದ್ದೆಲ್ಲ ನಿಜವೇ?

ಇಲ್ಲ. ಸುಳ್ಳೆಂದೂ ಅರ್ಥವಲ್ಲ. ಅದು ಇನ್ನೂ ಬೇಯುತ್ತಿರುವ ಅಡುಗೆ. ಇತ್ತೀಚಿನ ಎರಡು ಉದಾಹರಣೆ ನೋಡಿ.

2025ರ ಏಪ್ರಿಲ್‌ನಲ್ಲಿ “ಬೇರೆ ಗ್ರಹದಲ್ಲಿ ಜೀವಿ ಪತ್ತೆ, ಭಾರತ ಮೂಲದ ವಿಜ್ಞಾನಿಯ ಸಾಧನೆ” ಎಂಬ ಸಂದೇಶ ಎಲ್ಲೆಡೆ ಓಡಾಡಿತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಮತ್ತು ಅವರ ತಂಡ ನಿಜವಾಗಿ ಹೇಳಿದ್ದು ಬೇರೆ. ಸುಮಾರು 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಎಂಬ ಗ್ರಹದ ವಾತಾವರಣದಲ್ಲಿ, ಭೂಮಿಯ ಮೇಲೆ ಮುಖ್ಯವಾಗಿ ಸಮುದ್ರದ ಸೂಕ್ಷ್ಮಜೀವಿಗಳು ಉತ್ಪಾದಿಸುವ ಅನಿಲವೊಂದರ ಸುಳಿವು ಕಂಡಿದೆ ಎಂದಷ್ಟೇ. ಅದು ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು ಎಂಬುದು ಅವರ ಲೆಕ್ಕ. ಕೇಳಲು ಇದು ಸಣ್ಣದು, ಆದರೆ ಇಂಥ ಶೋಧಕ್ಕೆ ವಿಜ್ಞಾನಿಗಳು ಬಯಸುವ ಖಾತರಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನದು. ಅದೇ ಮಾಹಿತಿಯನ್ನು ಬೇರೆ ತಂಡಗಳು ಮತ್ತೆ ಪರಿಶೀಲಿಸಿ, ಪುರಾವೆ ಸಾಲದು ಎಂದವು. ಚರ್ಚೆ ಮುಂದುವರಿದಿದೆ. ಫಾರ್ವರ್ಡ್ ಮಾತ್ರ “ಜೀವಿ ಪತ್ತೆ”ಯಲ್ಲೇ ನಿಂತಿದೆ.

ಎರಡನೆಯದು 2024 ವೈಆರ್4 ಎಂಬ ಕ್ಷುದ್ರಗ್ರಹ. 2024ರ ಡಿಸೆಂಬರ್ 27ರಂದು ಅದು ಪತ್ತೆಯಾಯಿತು. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ 2025ರ ಫೆಬ್ರವರಿ 18ರಂದು ಶೇ 3.1ಕ್ಕೆ ಏರಿತು. ಜಗತ್ತಿನ ಹಲವೆಡೆಯ ದೂರದರ್ಶಕಗಳು ಅದರ ಜಾಡು ಹಿಡಿದು ಅಳತೆಗಳನ್ನು ಹಂಚಿಕೊಂಡವು. ಒಂದೇ ವಾರದಲ್ಲಿ ಆ ಸಂಖ್ಯೆ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಸಾಧ್ಯತೆ ಮೊದಲು ಏರಿ ಆಮೇಲೆ ಬಿದ್ದದ್ದು ತಪ್ಪಲ್ಲ. ಅಳತೆ ಹೆಚ್ಚಾದಂತೆ ಅನುಮಾನದ ವಲಯ ಕಿರಿದಾಗುತ್ತದೆ. ಭೂಮಿ ಆ ವಲಯದ ಒಳಗೆ ಇರುವಷ್ಟು ಹೊತ್ತು ಸಂಖ್ಯೆ ಏರುತ್ತದೆ, ಹೊರಗೆ ಬಿದ್ದ ಕೂಡಲೇ ಕುಸಿಯುತ್ತದೆ. ಏರಿದ ಸುದ್ದಿ ಹಳ್ಳಿಹಳ್ಳಿ ಮುಟ್ಟಿತು, ಇಳಿದ ಸುದ್ದಿಯನ್ನು ಫಾರ್ವರ್ಡ್ ಮಾಡಿದವರು ಕಡಿಮೆ.

ಹಾಗಿದ್ದರೆ ಅಲ್ಲಿ ಏನನ್ನೂ ತೀರ್ಮಾನಿಸುವುದಿಲ್ಲವೇ?

ಕೆಲವನ್ನು ತೀರ್ಮಾನಿಸುತ್ತಾರೆ. ಹೆಸರು ಮತ್ತು ವ್ಯಾಖ್ಯೆ ಅಂಥವು. 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಸದಸ್ಯರು ಕೈಯೆತ್ತಿ ಮತ ಹಾಕಿ ‘ಗ್ರಹ’ ಎಂದರೇನೆಂದು ನಿರ್ಧರಿಸಿದರು. ಪ್ಲೂಟೊ ಆ ಪಟ್ಟಿಯಿಂದ ಹೊರಬಂದು ಕುಬ್ಜಗ್ರಹವಾಯಿತು. ಮತದಿಂದ ಬದಲಾದದ್ದು ಹೆಸರು ಮಾತ್ರ. ಪ್ಲೂಟೊ ಎಂದಿನಂತೆ ತನ್ನ ದಾರಿಯಲ್ಲಿ ಸುತ್ತುತ್ತಿದೆ.

ಇಲ್ಲೊಂದು ಹಣದ ವಿಷಯವೂ ಇದೆ. “ನಿಮ್ಮ ಮಗುವಿನ ಹೆಸರನ್ನು ನಕ್ಷತ್ರಕ್ಕೆ ಇಡುತ್ತೇವೆ, ಇಷ್ಟು ರೂಪಾಯಿ ಕಳುಹಿಸಿ” ಎಂಬ ಜಾಹೀರಾತುಗಳು ಬರುತ್ತವೆ. ಹಣ ಕೊಟ್ಟರೆ ಚೆಂದದ ಸರ್ಟಿಫಿಕೇಟ್ ಬರುತ್ತದೆ, ಆದರೆ ಆ ಹೆಸರನ್ನು ಯಾವ ಖಗೋಳ ವಿಜ್ಞಾನಿಯೂ ಬಳಸುವುದಿಲ್ಲ. ನಕ್ಷತ್ರಗಳಿಗೆ ಅಧಿಕೃತ ಹೆಸರು ಇಡುವುದು ಖಗೋಳ ಒಕ್ಕೂಟ ಮಾತ್ರ, ಅದು ಹೆಸರು ಮಾರುವುದಿಲ್ಲ. 2019ರಲ್ಲಿ ಅದು ಪ್ರತಿ ದೇಶಕ್ಕೂ ಒಂದು ನಕ್ಷತ್ರ ಮತ್ತು ಅದರ ಗ್ರಹಕ್ಕೆ ಹೆಸರಿಡುವ ಅವಕಾಶ ಕೊಟ್ಟಿತು. ಭಾರತದ ಪಾಲಿನ ನಕ್ಷತ್ರದ ಹೆಸರು ‘ಬಿಭಾ’, ಗ್ರಹದ ಹೆಸರು ‘ಸಂತಮಸ’. ಬಿಭಾ ಎಂಬುದು ಕಾಸ್ಮಿಕ್ ಕಿರಣಗಳನ್ನು ಅಧ್ಯಯನ ಮಾಡಿದ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ ಇಟ್ಟದ್ದು.

ಪದೇ ಪದೇ ಬರುವ ಮೂರು ಫಾರ್ವರ್ಡ್‌ಗಳು

*“ಇಂದು ರಾತ್ರಿ 12:30ರಿಂದ 3:30ರವರೆಗೆ ಮೊಬೈಲ್ ಆಫ್ ಮಾಡಿ, ಮಂಗಳ ಗ್ರಹದಿಂದ ಕಾಸ್ಮಿಕ್ ಕಿರಣ ಬರುತ್ತಿವೆ.”* ಸುಳ್ಳು. ಕಾಸ್ಮಿಕ್ ಕಿರಣಗಳೆಂದರೆ ಬಾಹ್ಯಾಕಾಶದಿಂದ ಹಗಲೂ ರಾತ್ರಿ ಎಲ್ಲ ದಿಕ್ಕಿನಿಂದ ಬರುತ್ತಲೇ ಇರುವ ಕಣಗಳು. ಮಂಗಳನಿಗೂ ಅವುಗಳಿಗೂ ಸಂಬಂಧವಿಲ್ಲ, ನಿಮ್ಮ ಮೊಬೈಲಿಗಂತೂ ಇಲ್ಲವೇ ಇಲ್ಲ. ಗಾಳಿಯ ಹೊದಿಕೆ ಅವುಗಳ ಬಹುಪಾಲು ಹೊಡೆತವನ್ನು ತಡೆಯುತ್ತದೆ. ಉಳಿದ ಕಣಗಳು ನಾವು ಹುಟ್ಟಿದಂದಿನಿಂದ ನಮ್ಮ ಮೈ ಮೂಲಕ ಹಾದುಹೋಗುತ್ತಲೇ ಇವೆ. ಅವುಗಳಿಂದ ತಪ್ಪಿಸಿಕೊಂಡು ಪ್ರಯೋಗ ಮಾಡಲು ವಿಜ್ಞಾನಿಗಳು ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬೇಕಾಯಿತು. 1965ರಲ್ಲಿ ಅಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು ಪತ್ತೆಹಚ್ಚಿದರು. ಎರಡು ಕಿಲೋಮೀಟರ್ ಬಂಡೆ ಬೇಕಾದ ಕಡೆ ಸ್ವಿಚ್ ಆಫ್ ಬಟನ್ ಏನು ಮಾಡೀತು?

*“ನಾಳೆಯಿಂದ ಭೂಮಿ ಸೂರ್ಯನಿಂದ ದೂರ ಹೋಗುತ್ತದೆ, ಆಗಸ್ಟ್‌ವರೆಗೆ ಹಿಂದೆಂದೂ ಇಲ್ಲದ ಚಳಿ, ಕೆಮ್ಮು, ಜ್ವರ.”* ಅರ್ಧ ಸತ್ಯಕ್ಕೆ ಸುಳ್ಳು ಲೆಕ್ಕ ಅಂಟಿಸಿದ್ದು. ಪ್ರತಿವರ್ಷ ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರ, ಸುಮಾರು 15.2 ಕೋಟಿ ಕಿ.ಮೀ.ನಲ್ಲಿ ಇರುತ್ತದೆ. ಜನವರಿ ಮೊದಲ ವಾರದಲ್ಲಿ ಅತಿ ಹತ್ತಿರ, ಸುಮಾರು 14.7 ಕೋಟಿ ಕಿ.ಮೀ. ವ್ಯತ್ಯಾಸ ಶೇ 3ರ ಆಸುಪಾಸು. ಫಾರ್ವರ್ಡ್ ಮಾತ್ರ “ಮಾಮೂಲಿ ದೂರ 9 ಕೋಟಿ ಕಿ.ಮೀ.” ಎನ್ನುತ್ತದೆ. ಸೂರ್ಯನ ಸರಾಸರಿ ದೂರ ಸುಮಾರು 9.3 ಕೋಟಿ ಮೈಲಿ. ಮೈಲಿಯ ಸಂಖ್ಯೆಯನ್ನು ಕಿಲೋಮೀಟರ್ ಎಂದು ಬರೆದರೆ ಹುಟ್ಟುವುದು ಇದೇ ಭಯ. ಬಳ್ಳಾರಿಯವರಿಗೆ ಪುರಾವೆ ಮನೆಯಲ್ಲೇ ಇದೆ. ಸೂರ್ಯ ಅತಿ ಹತ್ತಿರ ಇರುವ ಜನವರಿಯಲ್ಲೇ ನಮಗೆ ತಂಪು. ಬೆಂಕಿಯಂಥ ಬಿಸಿಲು ಬರುವುದು ಏಪ್ರಿಲ್-ಮೇನಲ್ಲಿ, ಸೂರ್ಯ ದೂರ ಸರಿಯುತ್ತಿರುವಾಗ. ಋತುಗಳಿಗೆ ಕಾರಣ ದೂರ ಅಲ್ಲ, ಭೂಮಿಯ ಅಕ್ಷದ ಓರೆ.

*“ಆಗಸ್ಟ್ 2ರಂದು ಇಡೀ ಜಗತ್ತಿಗೆ ಆರು ನಿಮಿಷ ಕತ್ತಲು.”* 2025ರ ಜುಲೈನಲ್ಲಿ ಇದು ಜೋರಾಗಿ ಓಡಾಡಿತು. 2025ರ ಆಗಸ್ಟ್ 2ರಂದು ಗ್ರಹಣವೇ ಇರಲಿಲ್ಲ. ನಿಜವಾದ ಗ್ರಹಣ ಇರುವುದು 2027ರ ಆಗಸ್ಟ್ 2ರಂದು. ಅಂದು ಸ್ಪೇನಿನ ದಕ್ಷಿಣ ಭಾಗ, ಉತ್ತರ ಆಫ್ರಿಕಾ, ಅರೇಬಿಯಾದ ಮೇಲೆ ಹಾಯುವ ಕಿರಿದಾದ ಪಟ್ಟಿಯಲ್ಲಿ ಮಾತ್ರ ಸೂರ್ಯ ಪೂರ್ಣ ಮುಚ್ಚುತ್ತಾನೆ. ಈಜಿಪ್ಟಿನ ಲಕ್ಸರ್ ಬಳಿ ಅದು 6 ನಿಮಿಷ 20 ಸೆಕೆಂಡು ಮೀರುತ್ತದೆ. ನಮ್ಮಲ್ಲಿ ಸಂಜೆಯ ಹೊತ್ತಿಗೆ ಸೂರ್ಯನ ಒಂದಿಷ್ಟು ಭಾಗ ಮಾತ್ರ ಮರೆಯಾಗುತ್ತದೆ. ಕತ್ತಲಾಗುವುದಿಲ್ಲ. 2027 ಹತ್ತಿರ ಬಂದಂತೆ ಇದೇ ಸಂದೇಶ ಮತ್ತೆ ಬರುವುದು ಬಹುತೇಕ ಖಚಿತ, ಈಗಲೇ ನೆನಪಿಟ್ಟುಕೊಳ್ಳಿ.

ಸುಳ್ಳು ಫಾರ್ವರ್ಡ್‌ನಿಂದ ಏನು ಮಹಾ ನಷ್ಟ?

ನಷ್ಟವಿದೆ. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ಆಯಿತು. ಮಂಗಳೂರು, ಕೊಡಗು, ಕಾಸರಗೋಡು ಕಡೆ ಬೆಂಕಿಯ ಬಳೆಯಂತೆ ಕಂಡಿತು. ನಮ್ಮ ಬಳ್ಳಾರಿಯಲ್ಲಿ ಭಾಗಶಃ. ಅದೇ ಬೆಳಿಗ್ಗೆ ಕಲಬುರಗಿ ಬಳಿಯ ಹಳ್ಳಿಯೊಂದರಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಹಾಗೆ ಮಾಡಿದರೆ ವಾಸಿಯಾಗುತ್ತದೆ ಎಂಬ ನಂಬಿಕೆ. ಅದು ದೇಶವೆಲ್ಲ ಸುದ್ದಿಯಾಯಿತು. ಆ ಹೆತ್ತವರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲ ಎನ್ನಲಾಗದು. ಮಗು ನೆಟ್ಟಗೆ ನಡೆಯಲಿ ಎಂಬ ಆಸೆಯಿಂದಲೇ ಹಾಗೆ ಮಾಡಿದರು. ಅವರಿಗೆ ತಲುಪಿದ್ದು ತಪ್ಪು ಮಾಹಿತಿ. ಗ್ರಹಣದ ನೆರಳಿಗೆ ಕಾಯಿಲೆ ಕೊಡುವ ಶಕ್ತಿಯೂ ಇಲ್ಲ, ವಾಸಿ ಮಾಡುವ ಶಕ್ತಿಯೂ ಇಲ್ಲ. ಗರ್ಭಿಣಿಯರು ಗಂಟೆಗಟ್ಟಲೆ ನೀರು ಕುಡಿಯದೆ ಕೂರಬೇಕಾಗಿಯೂ ಇಲ್ಲ. ಇರುವ ನಿಜವಾದ ಅಪಾಯ ಒಂದೇ: ಸುರಕ್ಷಿತ ಕನ್ನಡಕವಿಲ್ಲದೆ ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣು ಹಾಳಾಗುತ್ತದೆ.

ಇದಕ್ಕಿಂತ ಸುಮಾರು 40 ವರ್ಷ ಹಿಂದೆ, 1980ರ ಫೆಬ್ರವರಿ 16ರಂದು, ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಸಿರುಗುಪ್ಪದಿಂದ ತುಂಗಭದ್ರೆ ದಾಟಿದರೆ ಸಿಕ್ಕುವ ಸಿಂಧನೂರು ಸೀಮೆಯ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಬೀಡುಬಿಟ್ಟಿದ್ದರು. ಎರಡು ನಿಮಿಷಕ್ಕೂ ಹೆಚ್ಚಿನ ಕತ್ತಲಿಗಾಗಿ ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡಿದ್ದರು. ಅಂದು ದೇಶದ ಎಷ್ಟೋ ಊರುಗಳಲ್ಲಿ ಬೀದಿಗಳು ಖಾಲಿ, ಬಾಗಿಲುಗಳು ಬಂದ್. ಒಂದೇ ಗ್ರಹಣವನ್ನು ನೋಡಲು ಕೆಲವರು ದೂರದಿಂದ ಬಂದರೆ, ಅದು ತಲೆಯ ಮೇಲೇ ಬಂದವರು ಒಳಗೆ ಕೂತರು.

ಈ ಅಂತರ ಕಡಿಮೆ ಮಾಡಬೇಕೆಂಬುದು ಸಮ್ಮೇಳನಗಳಲ್ಲಿ ಗಂಭೀರವಾಗಿ ಚರ್ಚೆಯಾಗುವ ವಿಷಯ. ಖಗೋಳ ಸಂಘದ ಜನಸಂಪರ್ಕ ಸಮಿತಿ ಗ್ರಹಣಗಳ ಹೊತ್ತಿಗೆ ನೋಡುವ ವಿಧಾನ, ಸಮಯಗಳನ್ನು ಜನರಿಗೆ ಮುಟ್ಟಿಸುತ್ತದೆ. ಶೂನ್ಯ ನೆರಳಿನ ದಿನವನ್ನು ಶಾಲೆಗಳಿಗೆ ಪರಿಚಯಿಸುವುದರಲ್ಲೂ ಈ ಸಮಿತಿಯ ಪಾಲು ದೊಡ್ಡದು.

ಪಾರ್ವತಿನಗರದ ತಾರಸಿಯ ಮೇಲೆ ನೀವೇ ಮಾಡಬಹುದಾದ ಪರೀಕ್ಷೆ

ಮಧ್ಯಾಹ್ನ 12ಕ್ಕೆ ಸೂರ್ಯ ದಿನಾಲೂ ನೆತ್ತಿಯ ಮೇಲಿರುತ್ತಾನೆ ಎಂದು ಅನೇಕರು ತಿಳಿದಿದ್ದಾರೆ. ಬಳ್ಳಾರಿಯಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ: ಮೇ 1ರ ಆಸುಪಾಸು ಮತ್ತು ಆಗಸ್ಟ್ 11-12ರ ಆಸುಪಾಸು. ಆ ದಿನ ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಅದೂ 12ಕ್ಕಲ್ಲ. ನಮ್ಮ ಗಡಿಯಾರ ದೇಶಕ್ಕೆಲ್ಲ ಒಂದೇ, ಬಳ್ಳಾರಿ ಆ ಗಡಿಯಾರದ ಗೆರೆಗಿಂತ ಪಶ್ಚಿಮಕ್ಕಿದೆ. ಆದ್ದರಿಂದ ಮೇನಲ್ಲಿ ಸುಮಾರು 12:20ಕ್ಕೆ, ಆಗಸ್ಟ್‌ನಲ್ಲಿ ಸುಮಾರು 12:28ಕ್ಕೆ.

ಬೇಕಾದದ್ದು ಸಮತಟ್ಟಾದ ನೆಲ ಮತ್ತು ನೆಟ್ಟಗೆ ನಿಲ್ಲುವ ಒಂದು ವಸ್ತು. ಗ್ರಹಣದ ದಿನ ತಟ್ಟೆಯಲ್ಲಿ ನಿಲ್ಲಿಸಿ ಟಿವಿಯಲ್ಲಿ ತೋರಿಸುವ ಒನಕೆ ಇದೆಯಲ್ಲ, ಅದನ್ನೇ ತನ್ನಿ. ಅದರ ಬುಡ ಚಪ್ಪಟೆ ಇದ್ದರೆ ಯಾವ ದಿನ ಬೇಕಾದರೂ ನಿಲ್ಲುತ್ತದೆ, ಗ್ರಹಣ ಬೇಕಿಲ್ಲ. ಅದನ್ನೂ ಮಕ್ಕಳ ಮುಂದೆಯೇ ಪರೀಕ್ಷಿಸಿ. ಒನಕೆ ನೆಟ್ಟಗಿದೆಯೇ ಎಂದು ಗಾರೆ ಕೆಲಸದವರ ತೂಗುಗುಂಡು ಹಿಡಿದು ನೋಡಿ. 12ರಿಂದ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ.

ಈಗ ಕುರುಗೋಡಿನ ಸಂಬಂಧಿಕರಿಗೂ ಸಿರುಗುಪ್ಪದ ಗೆಳೆಯರಿಗೂ ಇದೇ ಪರೀಕ್ಷೆ ಮಾಡಲು ಹೇಳಿ. ಅವು ಬಳ್ಳಾರಿಗಿಂತ ಉತ್ತರಕ್ಕಿವೆ. ಮೇನಲ್ಲಿ ಸೂರ್ಯ ಉತ್ತರಕ್ಕೆ ಸರಿಯುತ್ತಿರುವುದರಿಂದ ಅಲ್ಲಿ ನೆರಳು ಅಡಗುವುದು ಒಂದೆರಡು ದಿನ ತಡವಾಗಿ, ಆಗಸ್ಟ್‌ನಲ್ಲಿ ಒಂದೆರಡು ದಿನ ಮುಂಚೆ. ದೆಹಲಿಯಲ್ಲಿ ಇದು ಎಂದೂ ಆಗುವುದಿಲ್ಲ, ಅದು ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಆಚೆಗಿದೆ. ಮೂರು ಊರಿನ ಫೋಟೊ, ಸಮಯ, ಅಳತೆ ಒಂದೇ ಗ್ರೂಪಿಗೆ ಹಾಕಿ. ಯಾರದೋ ಅಳತೆ ಹೊಂದದಿದ್ದರೆ “ಒನಕೆ ವಾಲಿತ್ತೇ? ನೆಲ ಇಳಿಜಾರಿತ್ತೇ?” ಎಂದು ಕೇಳಿ. ಖಗೋಳ ಸಮ್ಮೇಳನದಲ್ಲಿ ನಡೆಯುವುದೂ ಇದೇ, ಉಪಕರಣ ಮಾತ್ರ ದೊಡ್ಡದು.

ಫಾರ್ವರ್ಡ್ ಒತ್ತುವ ಮೊದಲು

• ಯಾವ ಸಮ್ಮೇಳನ, ಯಾವ ಊರು, ಯಾವ ದಿನಾಂಕ, ಯಾರು ಹೇಳಿದ್ದು? ನಾಲ್ಕೂ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ದೊಡ್ಡ ಸಮ್ಮೇಳನಗಳ ಕಾರ್ಯಕ್ರಮ ಪಟ್ಟಿ, ಭಾಷಣಗಳ ಸಾರಾಂಶ ಸಾಮಾನ್ಯವಾಗಿ ಅಂತರ್ಜಾಲದಲ್ಲಿ ಸಿಗುತ್ತವೆ.

• ‘ನಾಳೆ’, ‘ಇಂದು ರಾತ್ರಿ’ ಎಂದಷ್ಟೇ ಇದ್ದು ಇಸವಿ ಇಲ್ಲದಿದ್ದರೆ ಅದು ಹಳೆಯ ಸಂದೇಶ. ಪ್ರತಿವರ್ಷ ಅದೇ ‘ನಾಳೆ’ ಬರುತ್ತದೆ.

• ವಿಜ್ಞಾನಿ “ಸುಳಿವು”, “ಸಾಧ್ಯತೆ” ಎಂದದ್ದು ಸಂದೇಶದಲ್ಲಿ “ಪತ್ತೆ”, “ಖಚಿತ” ಆಗಿದೆಯೇ ನೋಡಿ.

• ಬೇರೆ ತಂಡದವರು ಒಪ್ಪಿದ್ದಾರೆಯೇ? ಒಬ್ಬರು ಹೇಳಿದರೆ ಸುದ್ದಿ, ಹಲವರು ಪರೀಕ್ಷಿಸಿ ಒಪ್ಪಿದರೆ ವಿಜ್ಞಾನ.

• ಕೊನೆಯಲ್ಲಿ ಹಣ ಕೇಳಿದರೆ, ಅಥವಾ “ಹತ್ತು ಜನಕ್ಕೆ ಕಳಿಸಿ” ಎಂದರೆ, ಅದು ಯಾವ ಸಮ್ಮೇಳನದಿಂದಲೂ ಬಂದದ್ದಲ್ಲ.

ನಿಮ್ಮ ಗ್ರೂಪಿನಲ್ಲಿ ಇಂಥ ಸಂದೇಶ ಹಾಕಿದ ದೊಡ್ಡಪ್ಪನನ್ನೋ ಅಕ್ಕನನ್ನೋ ಎಲ್ಲರ ಮುಂದೆ ಹಂಗಿಸಬೇಡಿ. ಅವರು ಕಳಿಸಿದ್ದು ನಿಮ್ಮ ಮೇಲಿನ ಕಾಳಜಿಯಿಂದ. “ಇದು ಯಾವ ವರ್ಷದ್ದು, ಯಾರು ಹೇಳಿದ್ದು, ಒಮ್ಮೆ ನೋಡೋಣವೇ?” ಎಂದು ಕೇಳಿದರೆ ಸಾಕು.